ಶಾಲೆಯಲ್ಲಿ ಮಗನ ಕೈ ಮುರಿಯಿತು, ‘ದೂರಿಲ್ಲ’ ಅಂತ ಬರೆದುಕೊಡಿ ಅನ್ನುತ್ತಿದ್ದಾರೆ. ಏನು ಮಾಡಲಿ?

ಪ್ರಶ್ನೆ: ನನ್ನ ಮಗನಿಗೆ 8 ವರ್ಷ. ದಾವಣಗೆರೆಯ ಒಂದು ಖಾಸಗಿ ಶಾಲೆಯಲ್ಲಿ 3ನೇ ತರಗತಿ ಓದುತ್ತಿದ್ದಾನೆ. ಹತ್ತು ದಿನದ ಹಿಂದೆ ಊಟದ ಬಿಡುವಿನಲ್ಲಿ ಮೈದಾನದ ಕಬ್ಬಿಣದ ಗೋಲ್ ಪೋಸ್ಟ್ ಅವನ ಮೇಲೆ ಬಿತ್ತು. ಎಡ ಮೊಣಕೈಗಿಂತ ಸ್ವಲ್ಪ ಮೇಲೆ ಮೂಳೆ ಮುರಿದಿದೆ. ಆಪರೇಷನ್ ಮಾಡಿ ತಂತಿ ಹಾಕಿದ್ದಾರೆ. ನಮಗೆ ಫೋನ್ ಬಂದಿದ್ದು ಎರಡು ಗಂಟೆ ಆದ ಮೇಲೆ, ಆಸ್ಪತ್ರೆಗೂ ನಾವೇ ಕರೆದುಕೊಂಡು ಹೋದೆವು. ಖರ್ಚು 80 ಸಾವಿರ ದಾಟಿದೆ. ಮಕ್ಕಳು ಆಡುವಾಗ ಬೀಳುವುದು ಸಹಜ ಎಂದು ಶಾಲೆಯವರು ಹೇಳುತ್ತಾರೆ. ‘ಯಾರ ಮೇಲೂ ದೂರಿಲ್ಲ’ ಎಂದು ಬರೆದುಕೊಟ್ಟರೆ ಅರ್ಧ ಬಿಲ್ ಕೊಡುತ್ತಾರಂತೆ. ಆ ಪೋಸ್ಟ್ ಅಲುಗಾಡುತ್ತಿದೆ ಎಂದು ಇನ್ನೊಬ್ಬ ಪೋಷಕರು ಜೂನ್ ತಿಂಗಳಲ್ಲೇ ತರಗತಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬರೆದಿದ್ದರು. ದೂರು ಕೊಟ್ಟರೆ ಮಗನಿಗೆ ಟಿಸಿ ಕೊಟ್ಟು ಕಳಿಸುತ್ತಾರೇನೋ ಎಂಬ ಭಯವಿದೆ. ಕಾನೂನಿನಲ್ಲಿ ನಮಗೆ ದಾರಿ ಇದೆಯೇ?

ಉತ್ತರ: ನಮಸ್ಕಾರ ಅಮ್ಮ. ದಾರಿ ಇದೆ, ಒಂದಲ್ಲ, ಮೂರು ನಾಲ್ಕು ಇವೆ. ಆದರೆ ದಾರಿಗಳ ಮಾತಿಗೆ ಮೊದಲು ಒಂದು ವಿಷಯ. ಆ ಪತ್ರಕ್ಕೆ ಈಗ ಸಹಿ ಹಾಕಬೇಡಿ. ಪರಿಹಾರ ಕೇಳಿ ಕೋರ್ಟಿಗೆ ಹೋಗಲು ನಿಮ್ಮ ಮಗನಿಗೆ ಹಲವು ವರ್ಷಗಳ ಸಮಯವಿದೆ. ಸಾಕ್ಷ್ಯ ಉಳಿಸಿಕೊಳ್ಳಲು ಮಾತ್ರ ಕೆಲವೇ ದಿನಗಳಿವೆ. ತುಂಬಾ ಪೋಷಕರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಕೇಸ್ ಹಾಕಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ಯೋಚಿಸುತ್ತಾರೆ. ಅಷ್ಟರಲ್ಲಿ ಪೋಸ್ಟ್ ರಿಪೇರಿ ಆಗಿರುತ್ತದೆ, ಸಿಸಿಟಿವಿ ದೃಶ್ಯ ಅಳಿಸಿಹೋಗಿರುತ್ತದೆ, ನೋಡಿದ ಆಯಮ್ಮ ಕೆಲಸ ಬಿಟ್ಟಿರುತ್ತಾರೆ.

ಹಾಗಾಗಿ ಈ ವಾರ ಮಾಡಬೇಕಾದ ಕೆಲಸ ಮೊದಲು ಹೇಳುತ್ತೇನೆ.

ಶಾಲೆಯ ಮುಖ್ಯಸ್ಥರಿಗೂ ಅದನ್ನು ನಡೆಸುವ ಟ್ರಸ್ಟ್ ಅಥವಾ ಸಂಸ್ಥೆಗೂ ಇವತ್ತೇ ಒಂದು ಪತ್ರ ಬರೆಯಿರಿ. ಇಮೇಲ್ ಮಾಡಿ, ಜೊತೆಗೆ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ. ಭಾಷೆ ಸೌಮ್ಯವಾಗಿರಲಿ, ಬೈಗುಳ ಬೇಡ. ಆ ದಿನ ಊಟದ ಬಿಡುವಿನಿಂದ ನೀವು ಮಗನನ್ನು ಕರೆದುಕೊಂಡು ಹೋಗುವವರೆಗಿನ ಸಿಸಿಟಿವಿ ದೃಶ್ಯವನ್ನು ಅಳಿಸದೆ ಕಾಪಾಡಿಡಿ ಎಂದು ಕೇಳಿ. ಆ ಹೊತ್ತಿನಲ್ಲಿ ಮೈದಾನದ ಉಸ್ತುವಾರಿ ಯಾರದ್ದು ಎಂಬ ಡ್ಯೂಟಿ ಪಟ್ಟಿ ಕೇಳಿ. ಪೋಸ್ಟ್ ಅನ್ನು ಯಾವಾಗ ನಿಲ್ಲಿಸಿದ್ದು, ಯಾವಾಗ ಪರೀಕ್ಷಿಸಿದ್ದು ಎಂಬ ದಾಖಲೆ ಕೇಳಿ. ವಿದ್ಯಾರ್ಥಿಗಳಿಗೆ ಶಾಲೆ ಅಪಘಾತ ವಿಮೆ ಮಾಡಿಸಿದೆಯೇ ಎಂದೂ ಕೇಳಿ. ಎಷ್ಟೋ ಶಾಲೆಗಳು ಫೀಸಿನ ಜೊತೆಗೇ ಗುಂಪು ವಿಮೆಯ ಹಣ ತೆಗೆದುಕೊಂಡಿರುತ್ತವೆ, ಪೋಷಕರಿಗೆ ಗೊತ್ತೇ ಇರುವುದಿಲ್ಲ. ವಿಮೆ ಇದ್ದರೆ ಕ್ಲೇಮ್‌ಗೆ ಗಡುವು ಇರುತ್ತದೆ. ಅದಕ್ಕೂ ಕೇಸಿಗೂ ಸಂಬಂಧವಿಲ್ಲ, ಯಾರ ತಪ್ಪು ಎಂದು ಸಾಬೀತು ಮಾಡುವ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ.

ಸಿಸಿಟಿವಿ ವಿಷಯದಲ್ಲಿ ಅವಸರ ಏಕೆಂದರೆ, ಹೆಚ್ಚಿನ ಕಡೆ ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿಯೇ ದಾಖಲಾಗುತ್ತದೆ. ಸಿಬಿಎಸ್‌ಇ ತನ್ನ ಶಾಲೆಗಳಿಗೆ 2025ರ ಜುಲೈನಲ್ಲಿ ಹೊರಡಿಸಿದ ನಿಯಮದಲ್ಲೂ ಕನಿಷ್ಠ 15 ದಿನ ಇಟ್ಟುಕೊಳ್ಳಬೇಕು ಎಂದಷ್ಟೇ ಇದೆ. ನಿಮ್ಮದು ಆಗಲೇ ಹತ್ತು ದಿನ ಕಳೆದಿದೆ. ನಿಮ್ಮ ಪತ್ರ ತಲುಪಿದ ಮೇಲೂ ದೃಶ್ಯ ಅಳಿಸಿಹೋಯಿತು ಎಂದರೆ, ಶಾಲೆ ಏಕೆ ಉಳಿಸಿಕೊಳ್ಳಲಿಲ್ಲ ಎಂದು ಕೋರ್ಟ್ ಕೇಳುತ್ತದೆ. ಪತ್ರವೇ ಇಲ್ಲದಿದ್ದರೆ ಆ ಪ್ರಶ್ನೆ ಏಳುವುದೇ ಇಲ್ಲ.

ವಾಟ್ಸ್‌ಆ್ಯಪ್ ಸಂದೇಶ ನಿಮ್ಮ ಕೈಯಲ್ಲಿರುವ ಅತಿ ಮುಖ್ಯ ಸಾಕ್ಷ್ಯ. ಬರೀ ಸ್ಕ್ರೀನ್‌ಶಾಟ್ ಸಾಕಾಗುವುದಿಲ್ಲ. ದಿನಾಂಕ, ಕಳಿಸಿದವರ ನಂಬರ್, ಗ್ರೂಪಿನ ಸದಸ್ಯರ ಪಟ್ಟಿ ಕಾಣುವಂತೆ ತೆಗೆದುಕೊಳ್ಳಿ. ಗ್ರೂಪಿನಲ್ಲಿ ತರಗತಿ ಟೀಚರ್ ಇದ್ದರೇ, ಸಂದೇಶಕ್ಕೆ ಉತ್ತರ ಕೊಟ್ಟರೇ ನೋಡಿ. ಚಾಟ್ ಅನ್ನು ಎಕ್ಸ್‌ಪೋರ್ಟ್ ಮಾಡಿ ಬೇರೆ ಕಡೆಯೂ ಇಡಿ. ಆ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ದಾಖಲೆಯ ಜೊತೆ ಒಂದು ಪ್ರಮಾಣಪತ್ರ ಕೊಡಬೇಕಾಗುತ್ತದೆ, ಅದನ್ನು ವಕೀಲರು ಸಿದ್ಧ ಮಾಡುತ್ತಾರೆ. ಸಂದೇಶ ಬರೆದ ಪೋಷಕರ ಹತ್ತಿರ ಈಗಲೇ ಮಾತಾಡಿ. ಅವರ ಮಗುವೂ ಅದೇ ಶಾಲೆಯಲ್ಲಿದೆ, ನಾಳೆ ಅವರೂ ಹೆದರಬಹುದು.

ಆಸ್ಪತ್ರೆಯಲ್ಲಿ ಎಂಎಲ್‌ಸಿ ಆಗಿದೆಯೇ ವಿಚಾರಿಸಿ. ಅಂದರೆ, ಗಾಯ ಹೇಗಾಯಿತು ಎಂದು ಬರೆದುಕೊಂಡು ಪೊಲೀಸರಿಗೆ ತಿಳಿಸುವ ದಾಖಲೆ. ಆಗಿಲ್ಲದಿದ್ದರೆ ‘ಶಾಲೆಯಲ್ಲಿ ಗೋಲ್ ಪೋಸ್ಟ್ ಬಿದ್ದು ಆದ ಗಾಯ’ ಎಂದು ಕೇಸ್ ಶೀಟಿನಲ್ಲಿ ಇದೆಯೇ ನೋಡಿ. ‘ಆಡುವಾಗ ಬಿದ್ದು’ ಎಂದು ಸುಮ್ನೆ ಬರೆದುಬಿಟ್ಟಿದ್ದರೆ ಮುಂದೆ ಅದೇ ನಿಮಗೆ ತೊಡಕಾಗುತ್ತದೆ. ತಪ್ಪಿದ್ದರೆ ತಿದ್ದಲು ಲಿಖಿತವಾಗಿ ಕೇಳಿ. ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಎಲ್ಲ ಬಿಲ್ಲುಗಳು, ನೀವು ಕೆಲಸಕ್ಕೆ ರಜೆ ಹಾಕಿದ ದಾಖಲೆ, ಇವೆಲ್ಲ ಒಂದು ಫೈಲಿನಲ್ಲಿರಲಿ.

ಈಗ ಶಾಲೆಯ ಹೊಣೆಯ ಮಾತು. ‘ಮಕ್ಕಳು ಆಡುವಾಗ ಬೀಳುತ್ತಾರೆ’ ಅನ್ನುವುದು ಪೂರ್ತಿ ಸುಳ್ಳಲ್ಲ. ಓಡುವಾಗ ಎಡವಿ ಮಂಡಿ ತರಚಿದರೆ ಅದಕ್ಕೆ ಶಾಲೆ ಹೊಣೆ ಎಂದು ಯಾವ ಕೋರ್ಟೂ ಹೇಳುವುದಿಲ್ಲ, ಹೇಳಲೂಬಾರದು. ಹಾಗಾದರೆ ಮಕ್ಕಳನ್ನು ಮೈದಾನಕ್ಕೇ ಬಿಡುವುದಿಲ್ಲ. ಕೋರ್ಟ್ ನೋಡುವುದು ಮೂರು ವಿಷಯ: ಅಪಾಯ ಮೊದಲೇ ಊಹಿಸಬಹುದಾಗಿತ್ತೇ, ಸಾಮಾನ್ಯ ಎಚ್ಚರ ವಹಿಸಿದ್ದರೆ ತಪ್ಪುತ್ತಿತ್ತೇ, ಆದ ಮೇಲೆ ಶಾಲೆ ಹೇಗೆ ನಡೆದುಕೊಂಡಿತು. ಗೋಲ್ ಪೋಸ್ಟ್ ನೆಲದಲ್ಲಿ ಗಟ್ಟಿಯಾಗಿ ನಿಂತಿರಬೇಕಾದ ವಸ್ತು. ಮಕ್ಕಳು ಅದಕ್ಕೆ ಜೋತುಬೀಳುತ್ತಾರೆ ಎಂದು ಯಾವ ಪಿಟಿ ಮೇಷ್ಟ್ರಿಗೂ ಗೊತ್ತು. ಅದು ಅಲುಗಾಡುತ್ತಿದೆ ಎಂದು ಜೂನ್‌ನಲ್ಲೇ ಹೇಳಿದ್ದಾರೆ. ಮುರಿದ ಕೈಯಲ್ಲಿ ಮಗುವನ್ನು ಎರಡು ಗಂಟೆ ಕೂರಿಸಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಮೂರೂ ನಿಮ್ಮ ಕಡೆ ಇವೆ. ಆ ಎರಡು ಗಂಟೆಯನ್ನು ಹಗುರವಾಗಿ ಬಿಡಬೇಡಿ. ಮೊಣಕೈ ಹತ್ತಿರದ ಇಂಥ ಮುರಿತದಲ್ಲಿ ನರಕ್ಕೂ ರಕ್ತನಾಳಕ್ಕೂ ಪೆಟ್ಟಾಗುವ ಅಪಾಯವಿರುತ್ತದೆ. ತಡವಾಗಿದ್ದರಿಂದ ಏನಾದರೂ ತೊಂದರೆ ಜಾಸ್ತಿ ಆಯಿತೇ ಎಂದು ಡಾಕ್ಟರನ್ನೇ ಕೇಳಿ ಬರೆಸಿಕೊಳ್ಳಿ.

ಶಾಲೆಯ ಹೊಣೆ ಬಗ್ಗೆ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿಯೇ ಹೇಳಿದೆ. 1995ರ ಮೇ ತಿಂಗಳಲ್ಲಿ ಪಠಾಣ್‌ಕೋಟ್ ಬಳಿಯ ಶಾಲೆಯೊಂದು ಮಕ್ಕಳನ್ನು ಪಿಕ್‌ನಿಕ್‌ಗೆ ಕರೆದುಕೊಂಡು ಹೋಗಿತ್ತು. ಬಿಯಾಸ್ ನದಿಯಲ್ಲಿ 14 ಮಕ್ಕಳು ಮುಳುಗಿ ತೀರಿಕೊಂಡರು. ಜೊತೆಗಿದ್ದ ಶಿಕ್ಷಕರ ನಿರ್ಲಕ್ಷ್ಯಕ್ಕೆ ಶಾಲೆಯೂ ಹೊಣೆ ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಪ್ರತಿ ಮಗುವಿನ ಮನೆಯವರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂಬ ಹೈಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಕುಂಭಕೋಣಂ ಶಾಲೆಯಲ್ಲಿ 2004ರ ಜುಲೈ 16ರಂದು ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಕ್ಕಳು ಸತ್ತ ಮೇಲೆ ಬಂದ 2009ರ ತೀರ್ಪಿನಲ್ಲಿ, ಶಿಕ್ಷಣದ ಹಕ್ಕಿನೊಳಗೆ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಎಂದು ಅದೇ ಕೋರ್ಟ್ ಹೇಳಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಇಂಥ ಪ್ರಕರಣಗಳಲ್ಲಿ ಆಡಳಿತ ಮಂಡಳಿ ಕಡಿಮೆ ಸಂಬಳದ ಒಬ್ಬ ಪಿಟಿ ಮೇಷ್ಟ್ರನ್ನೋ ಆಯಮ್ಮನನ್ನೋ ಕೆಲಸದಿಂದ ತೆಗೆದು, ಕ್ರಮ ಆಯಿತು ಎಂದುಬಿಡುತ್ತದೆ. ಅದಕ್ಕೆ ಒಪ್ಪಬೇಡಿ. ಪೋಸ್ಟ್ ಭದ್ರ ಮಾಡಿಸಲು ದುಡ್ಡು ಮಂಜೂರು ಮಾಡಬೇಕಾದವರು ಯಾರು, ನೂರಾರು ಮಕ್ಕಳಿರುವ ಮೈದಾನಕ್ಕೆ ಒಬ್ಬರನ್ನೇ ಹಾಕಿದವರು ಯಾರು? ನಿಮ್ಮ ದೂರಿನಲ್ಲಿ ಸಂಸ್ಥೆಯ ಹೆಸರು ಮೊದಲು ಇರಲಿ.

ಪೊಲೀಸ್ ದೂರಿನಿಂದ ಶುರು ಮಾಡೋಣ. ಹಳೆಯ ಐಪಿಸಿ ಬದಲಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮೂಳೆ ಮುರಿತವೆಂದರೆ ತೀವ್ರ ಗಾಯ, ಅದು 116ನೇ ಸೆಕ್ಷನ್. ನಿರ್ಲಕ್ಷ್ಯದಿಂದ ತೀವ್ರ ಗಾಯವಾದರೆ 125(ಬಿ) ಪ್ರಕಾರ 3 ವರ್ಷದವರೆಗೆ ಸಜೆ ಅಥವಾ 10 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಎಫ್‌ಐಆರ್ ಆದರೆ ಅದರ ಪ್ರತಿ ನಿಮಗೆ ಉಚಿತವಾಗಿ ಕೊಡಬೇಕು. ಡಿವೈಎಸ್‌ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡುತ್ತೇವೆ ಎಂದು ಹೇಳಬಹುದು, ಪೊಲೀಸ್ ತನಿಖೆಯ ಹೊಸ ಕಾನೂನಿನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಅದಕ್ಕೆ ಅವಕಾಶವಿದೆ. ಆದರೆ ‘ಇದು ಶಾಲೆ ವಿಷಯ, ನೀವೇ ಮಾತಾಡಿಕೊಳ್ಳಿ’ ಎಂದು ಹಿಂಬರಹ (ದೂರು ದಾಖಲಿಸುವುದಿಲ್ಲ ಎಂಬ ಲಿಖಿತ ಉತ್ತರ) ಕೊಟ್ಟು ಕಳಿಸಿದರೆ ಎಸ್‌ಪಿಗೆ ಅಂಚೆಯಲ್ಲಿ ದೂರು ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು.

ಎಫ್‌ಐಆರ್‌ನಿಂದ ದುಡ್ಡು ಬರುವುದಿಲ್ಲ, ಅದನ್ನು ನೇರವಾಗಿಯೇ ಹೇಳುತ್ತೇನೆ. ಅದರ ದೊಡ್ಡ ಲಾಭ ಸ್ಥಳ ಮಹಜರು. ಪೊಲೀಸರು ಮೈದಾನಕ್ಕೆ ಬಂದು ಪೋಸ್ಟ್ ಹೇಗಿತ್ತು, ಬುಡದಲ್ಲಿ ಕಾಂಕ್ರೀಟ್ ಇತ್ತೇ ಇಲ್ಲವೇ ಎಂದು ಬರೆದುಕೊಳ್ಳುತ್ತಾರೆ, ಸಿಸಿಟಿವಿ ವಶಪಡಿಸಿಕೊಳ್ಳುತ್ತಾರೆ. ಮುಂದೆ ಪರಿಹಾರದ ದಾವೆಗೆ ಇದೇ ಆಧಾರ. ನಿಮ್ಮ ದೂರು ತಡವಾದಷ್ಟೂ ಮಹಜರಿನ ಬೆಲೆ ಕಡಿಮೆ.

ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಕೂಡ ಹಾಕಿಸಿ ಎಂದು ಯಾರಾದರೂ ಹೇಳುತ್ತಾರೆ. ಮಗುವನ್ನು ನೋಡಿಕೊಳ್ಳುವ ಸಂಸ್ಥೆಯ ಸಿಬ್ಬಂದಿ ಹಿಂಸೆ ಕೊಟ್ಟರೆ, ಅಥವಾ ಬೇಕೆಂದೇ ನಿರ್ಲಕ್ಷಿಸಿದರೆ ಅದರಲ್ಲಿ 5 ವರ್ಷದವರೆಗೆ ಸಜೆ, 5 ಲಕ್ಷದವರೆಗೆ ದಂಡವಿದೆ. ‘ಬೇಕೆಂದೇ’ ಅನ್ನುವುದನ್ನು ಸಾಬೀತು ಮಾಡುವುದು ಕಷ್ಟ. ಜೂನ್ ತಿಂಗಳ ಸಂದೇಶ ಆಡಳಿತ ಮಂಡಳಿಗೆ ತಲುಪಿತ್ತು ಎಂದು ತೋರಿಸಲು ಆದರೆ ಮಾತ್ರ ಅದನ್ನು ಒತ್ತಿ ಹೇಳಿ. ಶಿಕ್ಷಕರು ಹೊಡೆದು ಗಾಯವಾದ ಪ್ರಕರಣ ಬೇರೆ. ಅಲ್ಲಿ ಈ ಸೆಕ್ಷನ್ನಿನ ಜೊತೆ, ದೈಹಿಕ ಶಿಕ್ಷೆಯನ್ನು ನಿಷೇಧಿಸುವ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 17ನೇ ಸೆಕ್ಷನ್ ಕೂಡ ಬರುತ್ತದೆ. ಜೊತೆಯ ಮಗು ತಳ್ಳಿದ್ದರಿಂದ ಗಾಯವಾಗಿದ್ದರೆ ದಯವಿಟ್ಟು ಆ ಮಗುವಿನ ಹಿಂದೆ ಬೀಳಬೇಡಿ. 7 ವರ್ಷದೊಳಗಿನ ಮಗು ಮಾಡಿದ್ದು ಕಾನೂನಿನಲ್ಲಿ ಅಪರಾಧವೇ ಅಲ್ಲ. ಅಲ್ಲೂ ಉಸ್ತುವಾರಿ ಯಾರದ್ದಿತ್ತು ಎಂಬುದೇ ಪ್ರಶ್ನೆ.

ಎರಡನೆಯದು ಇಲಾಖೆ ಮತ್ತು ಆಯೋಗ. ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಮತ್ತು ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು) ಇಬ್ಬರಿಗೂ ದೂರು ಕೊಡಿ. ಶಾಲೆಯ ಮಾನ್ಯತೆ, ಕಟ್ಟಡ ಮತ್ತು ಬೆಂಕಿ ಸುರಕ್ಷತೆಯ ಕಾಗದ, ತಪಾಸಣೆ ವರದಿ ಇವುಗಳ ಪ್ರತಿಯನ್ನು ಬಿಇಒ ಕಚೇರಿಯಿಂದ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ಖಾಸಗಿ ಶಾಲೆ ನೇರವಾಗಿ ಕೊಡದ ಕಾಗದ ಎಷ್ಟೋ ಸಲ ಈ ದಾರಿಯಲ್ಲಿ ಸಿಗುತ್ತದೆ. ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಬರೆಯಿರಿ. ಖರ್ಚಿಲ್ಲ, ವಕೀಲರು ಬೇಕಿಲ್ಲ. ಆಯೋಗ ಶಾಲೆಯವರನ್ನು ಕರೆಸಿ ವಿಚಾರಣೆ ಮಾಡಬಹುದು, ಮಗುವಿಗೆ ಮಧ್ಯಂತರ ನೆರವಿಗೆ ಶಿಫಾರಸು ಮಾಡಬಹುದು. ಶಿಫಾರಸು ಅಂದರೆ ಕೋರ್ಟ್ ಆದೇಶವಲ್ಲ, ನಿಜ. ಆದರೂ ಶಾಲೆಯ ಧೋರಣೆ ಬದಲಾಗಲು ಎಷ್ಟೋ ಸಲ ಅದೊಂದು ನೋಟಿಸ್ ಸಾಕು. ಸರ್ಕಾರಿ, ಅನುದಾನಿತ, ಖಾಸಗಿ ಎಲ್ಲ ಶಾಲೆಗಳ ಆಡಳಿತದವರ ಹೊಣೆ ಏನು ಎಂದು ಕೇಂದ್ರ ಶಿಕ್ಷಣ ಸಚಿವಾಲಯ 2021ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಜಾರಿ ಮಾಡಿ ಎಂದು 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿದೆ. ನಿಮ್ಮ ದೂರಿನಲ್ಲಿ ಈ ಮಾರ್ಗಸೂಚಿಯ ಹೆಸರು ಇರಲಿ.

ಇನ್ನು ಹಣದ ಪರಿಹಾರ. ಇದಕ್ಕೆ ಭದ್ರವಾದ ದಾರಿ ಸಿವಿಲ್ ದಾವೆ. ಮಗನ ಹೆಸರಿನಲ್ಲಿ, ಅವನ ಪರವಾಗಿ ನೀವು ಹಾಕಬೇಕು. ಕೈಗೆ ಆದ ನೋವು, ಮುಂದಿನ ಚಿಕಿತ್ಸೆ, ಉಳಿಯಬಹುದಾದ ಊನ, ಇವೆಲ್ಲದರ ಪರಿಹಾರ ಅವನ ಹಕ್ಕು. ಕಾಲಮಿತಿ ಕಾಯ್ದೆಯ ಪ್ರಕಾರ ಅಪ್ರಾಪ್ತರಿಗೆ ಕಾಲಮಿತಿ ಓಡಲು ಶುರುವಾಗುವುದು 18 ತುಂಬಿದ ಮೇಲೆ. ಆಮೇಲೆ 3 ವರ್ಷ. ಅಂದರೆ ಅವನು 21ನೇ ವಯಸ್ಸಿನವರೆಗೂ ಕೇಳಬಹುದು. ಆದರೆ ನೀವು ಕೈಯಿಂದ ಕಟ್ಟಿದ ಬಿಲ್ಲು, ಕಳೆದುಕೊಂಡ ಸಂಬಳ ನಿಮ್ಮ ಹಕ್ಕು. ಅದಕ್ಕೆ ಘಟನೆಯ ದಿನದಿಂದ 3 ವರ್ಷ ಮಾತ್ರ ಎಂದು ಇಟ್ಟುಕೊಳ್ಳಿ.

ಹಾಗಂತ ನಾಳೆಯೇ ದಾವೆ ಹಾಕಿ ಎಂದೂ ನಾನು ಹೇಳುವುದಿಲ್ಲ. ಎಂಟು ವರ್ಷದ ಮಗುವಿನ ಮೂಳೆ ಇನ್ನೂ ಬೆಳೆಯುತ್ತಿದೆ. ಕೈ ಪೂರ್ತಿ ನೇರವಾಗುತ್ತದೆಯೇ, ಮೊಣಕೈ ಒಳಗೆ ಬಾಗುತ್ತದೆಯೇ, ಇನ್ನೊಂದು ಆಪರೇಷನ್ ಬೇಕೇ ಎಂಬುದು ತಂತಿ ತೆಗೆದು ತಿಂಗಳುಗಳಾದ ಮೇಲೆ ಗೊತ್ತಾಗುತ್ತದೆ. ಆಗ ಮೂಳೆ ವೈದ್ಯರಿಂದ ಅಂಗವೈಕಲ್ಯ ಎಷ್ಟು ಶೇಕಡಾ ಎಂದು ಲೆಕ್ಕ ಹಾಕಿಸಿ ದಾವೆ ಹಾಕಿದರೆ ಸರಿಯಾದ ಮೊತ್ತ ಕೇಳಬಹುದು. ಈಗಲೇ ಅರ್ಧ ಬಿಲ್ಲಿಗೆ ಸಹಿ ಹಾಕಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಗಾಯದ ಪೂರ್ತಿ ಬೆಲೆ ಏನು ಎಂದು ಡಾಕ್ಟರಿಗೇ ಇನ್ನೂ ಗೊತ್ತಿಲ್ಲ.

ಮೊತ್ತ ಎಷ್ಟು ಬರಬಹುದು? ಗೋಲ್ ಪೋಸ್ಟ್ ಬಿದ್ದ ಪ್ರಕರಣಕ್ಕೆ ಸಿದ್ಧ ಲೆಕ್ಕವಿಲ್ಲ. ಅಂದಾಜಿಗೆ ವಾಹನ ಅಪಘಾತದ ತೀರ್ಪುಗಳನ್ನು ನೋಡಬಹುದು. ಗಾಯಗೊಂಡ ಮಕ್ಕಳಿಗೆ ಚಿಕಿತ್ಸಾ ವೆಚ್ಚ ಬಿಟ್ಟು ಇಷ್ಟು ಕೊಡಬೇಕು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಒಂದು ಅಳತೆ ಕೊಟ್ಟಿತು: ಶೇ. 10ರವರೆಗಿನ ವೈಕಲ್ಯಕ್ಕೆ 1 ಲಕ್ಷ, ಶೇ. 30ರವರೆಗೆ 3 ಲಕ್ಷ, ಶೇ. 60ರವರೆಗೆ 4 ಲಕ್ಷ, ಶೇ. 90ರವರೆಗೆ 5 ಲಕ್ಷ, ಅದಕ್ಕೂ ಮೇಲೆ 6 ಲಕ್ಷ. ಆಮೇಲೆ ಕೋರ್ಟುಗಳು ಇನ್ನೂ ಉದಾರವಾಗಿವೆ. ಪೂರ್ತಿ ಹಾಸಿಗೆ ಹಿಡಿದ 12 ವರ್ಷದ ಬಾಲಕಿಗೆ 2020ರಲ್ಲಿ ಸುಪ್ರೀಂ ಕೋರ್ಟ್ 62 ಲಕ್ಷಕ್ಕೂ ಹೆಚ್ಚು ಕೊಟ್ಟಿದೆ. ನಿಮ್ಮ ಮಗನ ಕೈ ಪೂರ್ತಿ ಸರಿಹೋಗಲಿ ಎಂದೇ ನನ್ನ ಆಸೆ. ಹಾಗಾದರೆ ಪರಿಹಾರದ ಮೊತ್ತ ಚಿಕ್ಕದಿರುತ್ತದೆ, ಆಗ ರಾಜಿಯೇ ಒಳ್ಳೆಯದು.

ಗ್ರಾಹಕರ ಆಯೋಗಕ್ಕೆ ಹೋಗಿ ಎಂದು ನಿಮಗೆ ಹಲವರು ಹೇಳಬಹುದು. ಅಲ್ಲಿ ಎಚ್ಚರ ಬೇಕು. ಬೆಂಗಳೂರಿನ ಶಾಲೆಯೊಂದರ ವಿದ್ಯಾರ್ಥಿನಿ 2006ರ ಡಿಸೆಂಬರಿನಲ್ಲಿ ಶಾಲೆಯ ಉತ್ತರ ಭಾರತ ಪ್ರವಾಸಕ್ಕೆ ಹೋಗಿದ್ದಳು. ಜ್ವರ ಬಂದಾಗ ಶಿಕ್ಷಕರು ಸಮಯಕ್ಕೆ ಸರಿಯಾಗಿ ಚಿಕಿತ್ಸೆ ಕೊಡಿಸಲಿಲ್ಲ, ಮಿದುಳಿಗೆ ಹಾನಿಯಾಯಿತು. ರಾಜ್ಯ ಗ್ರಾಹಕ ಆಯೋಗ ಸುಮಾರು 88.73 ಲಕ್ಷ ಪರಿಹಾರ ಕೊಟ್ಟಿತು. ರಾಷ್ಟ್ರೀಯ ಆಯೋಗ ಅದನ್ನು 50 ಲಕ್ಷಕ್ಕೆ ಇಳಿಸಿತು. 2021ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಮೊದಲಿನ ಮೊತ್ತವನ್ನೇ ಎತ್ತಿಹಿಡಿಯಿತು. ಇದನ್ನು ಓದಿದರೆ ಧೈರ್ಯ ಬರುತ್ತದೆ, ಅಲ್ವಾ? ಆದರೆ 2020ರ ಜನವರಿಯಲ್ಲಿ ಅದೇ ರಾಷ್ಟ್ರೀಯ ಆಯೋಗದ ದೊಡ್ಡ ಪೀಠ ಬೇರೆ ಮಾತು ಹೇಳಿದೆ. ಶಿಕ್ಷಣ ಸಂಸ್ಥೆಗಳು, ಅವು ನಡೆಸುವ ಪ್ರವಾಸ, ಈಜು, ಆಟ ಯಾವುದೂ ಗ್ರಾಹಕ ಕಾನೂನಿಗೆ ಬರುವುದಿಲ್ಲ ಎಂದಿದೆ. ಆ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಗಿದೆ. ಆದ್ದರಿಂದ ನಿಮ್ಮ ದೂರು ‘ಇದು ನಮ್ಮ ವ್ಯಾಪ್ತಿಯಲ್ಲ’ ಎಂದು ವಾಪಸ್ ಬರುವ ಸಾಧ್ಯತೆ ಇದೆ. ಹೋಗುವುದಾದರೆ 2 ವರ್ಷದೊಳಗೆ ಹೋಗಬೇಕು. ನಾನಾದರೆ ನಿಮ್ಮ ಪ್ರಕರಣದಲ್ಲಿ ಸಿವಿಲ್ ಕೋರ್ಟನ್ನೇ ನೆಚ್ಚಿಕೊಳ್ಳುತ್ತೇನೆ.

ಇದನ್ನು ಓದುವ ಬೇರೆ ಪೋಷಕರಿಗಾಗಿ ಎರಡು ಮಾತು. ಶಾಲಾ ಬಸ್ಸಿನಲ್ಲಿ ಗಾಯವಾಗಿದ್ದರೆ ದಾರಿ ಬೇರೆ ಮತ್ತು ಸುಲಭ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು, ಹಣ ಕೊಡುವುದು ವಿಮಾ ಕಂಪನಿ. ತೀವ್ರ ಗಾಯಕ್ಕೆ ಯಾರ ತಪ್ಪು ಎಂದು ನೋಡದೆಯೇ 2.5 ಲಕ್ಷ ಕೇಳುವ ಅವಕಾಶವೂ ಇದೆ. ಆದರೆ 2022ರ ಏಪ್ರಿಲ್ 1ರಿಂದ ಅಲ್ಲಿ 6 ತಿಂಗಳ ಗಡುವು ಬಂದಿದೆ, ಅದನ್ನು ಮೀರಲು ಬಿಡಬೇಡಿ. ಸರ್ಕಾರಿ ಶಾಲೆಯಾಗಿದ್ದರೆ ದಾವೆಗೆ ಮೊದಲು ಸರ್ಕಾರಕ್ಕೆ 2 ತಿಂಗಳ ನೋಟಿಸ್ ಕೊಡಬೇಕು. ನಿರ್ಲಕ್ಷ್ಯ ಎದ್ದು ಕಾಣುವಂತಿದ್ದರೆ ನೇರವಾಗಿ ಹೈಕೋರ್ಟಿನಲ್ಲಿ ರಿಟ್ (ಮೂಲಭೂತ ಹಕ್ಕಿನ ಅರ್ಜಿ) ಹಾಕಿಯೂ ಪರಿಹಾರ ಕೇಳಬಹುದು.

ಟಿಸಿಯ ಭಯದ ಬಗ್ಗೆ. ಆರ್‌ಟಿಇ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ 8ನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಅಲ್ಪಸಂಖ್ಯಾತ ಸಂಸ್ಥೆ ನಡೆಸುವ ಶಾಲೆಯಾದರೆ ಈ ಕಾಯ್ದೆಯ ರಕ್ಷಣೆ ಸಿಗದಿರಬಹುದು, ಅದನ್ನು ವಿಚಾರಿಸಿಕೊಳ್ಳಿ. ಬಾಯಿಮಾತಲ್ಲಿ ‘ಬೇರೆ ಶಾಲೆ ನೋಡಿಕೊಳ್ಳಿ’ ಎಂದರೆ ಅದೇ ದಿನ ಇಮೇಲ್ ಮಾಡಿ, ‘ನೀವು ಇಂದು ಹೀಗೆ ಹೇಳಿದಿರಿ’ ಎಂದು ಬರೆಯಿರಿ, ಪ್ರತಿಯನ್ನು ಬಿಇಒಗೆ ಹಾಕಿ. ಮಗ ಶಾಲೆಗೆ ಮರಳಿದ ಮೇಲೆ ಅವನನ್ನು ಯಾರಾದರೂ ಚುಚ್ಚಿ ಮಾತಾಡಿದರೆ ಅದೂ ಆರ್‌ಟಿಇಯ 17ನೇ ಸೆಕ್ಷನ್ನಿನಲ್ಲಿ ಮಾನಸಿಕ ಕಿರುಕುಳವೇ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಈಗ ಆ ಪತ್ರಕ್ಕೆ ಮರಳೋಣ. ನೀವು ಆಗಲೇ ಸಹಿ ಹಾಕಿಬಿಟ್ಟಿದ್ದರೂ ಎಲ್ಲ ಮುಗಿಯಿತು ಎಂದಲ್ಲ. ಮಗುವಿನ ಹಕ್ಕನ್ನು ತಂದೆತಾಯಿ ಒಂದು ಬಿಳಿ ಹಾಳೆಯಲ್ಲಿ ಬಿಟ್ಟುಕೊಡುವುದನ್ನು ಕೋರ್ಟುಗಳು ಸುಲಭವಾಗಿ ಒಪ್ಪುವುದಿಲ್ಲ. ದಾವೆ ನಡೆಯುತ್ತಿರುವಾಗ ಅಪ್ರಾಪ್ತರ ಪರ ರಾಜಿಗೆ ಕೋರ್ಟಿನ ಅನುಮತಿ ಬೇಕೇಬೇಕು. ಪ್ರವೇಶದ ಸಮಯದಲ್ಲಿ ‘ಶಾಲೆ ಹೊಣೆಯಲ್ಲ’ ಎಂಬ ಫಾರಂಗೆ ಸಹಿ ಹಾಕಿದ್ದರೂ ಅದು ನಿರ್ಲಕ್ಷ್ಯಕ್ಕೆ ಪರವಾನಗಿ ಆಗುವುದಿಲ್ಲ. ಆದರೂ ಸಹಿ ಮಾಡಿದ ಕಾಗದ ಪೊಲೀಸ್ ತನಿಖೆಯನ್ನು ಎಷ್ಟೋ ಸಲ ನಿಲ್ಲಿಸಿಬಿಡುತ್ತದೆ, ನಿಮ್ಮ ಎದುರಿನ ಸಾಕ್ಷ್ಯವೂ ಆಗುತ್ತದೆ.

ಶಾಲೆಯವರಿಗೆ ನಿಜವಾಗಿ ಸಹಾಯ ಮಾಡುವ ಮನಸ್ಸಿದ್ದರೆ ಅದಕ್ಕೆ ಸರಿಯಾದ ಜಾಗ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಕಾನೂನು ಸೇವೆಗಳ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಇದೆ. ವಕೀಲರ ಫೀಸು ಇರುವುದಿಲ್ಲ, ಕೋರ್ಟ್ ಶುಲ್ಕವನ್ನೂ ಪ್ರಾಧಿಕಾರದವರೇ ನೋಡಿಕೊಳ್ಳುತ್ತಾರೆ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ನಿಮ್ಮ ಜಿಲ್ಲಾ ನ್ಯಾಯಾಲಯದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಫೈಲು ಮತ್ತು ಮಗನ ಜನನ ಪ್ರಮಾಣಪತ್ರ ತೆಗೆದುಕೊಂಡು ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ದಾವೆ ಹಾಕುವ ಮೊದಲೇ ಅಲ್ಲಿ ಲೋಕ ಅದಾಲತ್ ಮುಂದೆ ರಾಜಿಗೆ ಅರ್ಜಿ ಕೊಡಬಹುದು. ಅಲ್ಲಿ ಆದ ರಾಜಿಗೆ ಕೋರ್ಟ್ ಡಿಕ್ರಿಯ ಬೆಲೆ ಇದೆ, ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ಅಲ್ಲೂ ತಂತಿ ತೆಗೆದು ಡಾಕ್ಟರ ವರದಿ ಬಂದ ಮೇಲೆಯೇ ಮೊತ್ತಕ್ಕೆ ಒಪ್ಪಿ. ಮೂರು ಮಾತು ರಾಜಿ ಪತ್ರದಲ್ಲಿ ಇರಲಿ: ಈವರೆಗಿನ ಪೂರ್ತಿ ಬಿಲ್ ಶಾಲೆ ಕೊಡಬೇಕು, ಈ ಕೈಗೆ ಮುಂದೆ ಬೇಕಾಗುವ ಚಿಕಿತ್ಸೆಯ ಖರ್ಚನ್ನೂ ಶಾಲೆ ಹೊರಬೇಕು, ಮಗನ ಪಾಲಿನ ಹಣ ಅವನ ಹೆಸರಿನಲ್ಲಿ 18 ತುಂಬುವವರೆಗೆ ಬ್ಯಾಂಕ್ ಠೇವಣಿಯಲ್ಲಿರಬೇಕು. ಜೊತೆಗೆ ಮೈದಾನದ ಎಲ್ಲ ಪೋಸ್ಟುಗಳನ್ನೂ ಇಂಥ ದಿನಾಂಕದೊಳಗೆ ಕಾಂಕ್ರೀಟ್ ಹಾಕಿ ಭದ್ರ ಮಾಡಬೇಕು ಎಂದೂ ಬರೆಸಿ. ಉಳಿದ ಮಕ್ಕಳು ಈಗಲೂ ಅಲ್ಲೇ ಆಡುತ್ತಿದ್ದಾರೆ.